ಮಕೋಲಾದ ಹುಡುಗಿ ಎಲ್ಲಿಂದ ಬಂದಳು?

ಓದುಗರ ಪತ್ರ: ‘ಘಾನಾದ ರಾಜಧಾನಿ ಅಕ್ರಾಕ್ಕೆ ನೌಕರಿಗೆಂದು ಬಂದು ಆರು ವಾರವಾಯಿತು. ಈಸ್ಟ್ ಲೆಗಾನ್‌ನಲ್ಲಿ ಕಂಪನಿ ಕೊಡಿಸಿದ ಮನೆ. ಎರಡು ವರ್ಷದ ಬಾಡಿಗೆಯನ್ನು ಡಾಲರ್‌ನಲ್ಲಿ ಮುಂಗಡ ಕಟ್ಟಿದ್ದಾರೆ. ಕಾಂಪೌಂಡಿನ ಮೇಲೆ ವಿದ್ಯುತ್ ತಂತಿ. ಅತ್ತ ಮಕೋಲಾ ಮಾರುಕಟ್ಟೆಯಲ್ಲಿ ಹದಿನಾಲ್ಕರ ಹುಡುಗಿ ದೊಡ್ಡ ಬೋಗುಣಿಯಲ್ಲಿ ಪರರ ಸಾಮಾನು ಹೊತ್ತು ನಡೆಯುತ್ತಾಳೆ. ಆದರೂ ಇಲ್ಲಿಯ ಬಡವರು ನಗುನಗುತ್ತಾ ಇದ್ದುದರಲ್ಲೇ ತೃಪ್ತರು. ಒಂದೇ ಊರಿನಲ್ಲಿ ಎರಡು ಲೋಕ. ಏಕೆ ಹೀಗೆ?’

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಮೆಚ್ಚಿದೆ, ಎರಡನೆಯ ಸಲ ಜಗಳಕ್ಕೆ ಕಾರಣ ಸಿಕ್ಕಿತು. ‘ಒಂದೇ ಊರಿನಲ್ಲಿ ಎರಡು ಲೋಕ’ ಎಂದು ಯಾವ ಊರಿನ ಬಗೆಗೂ ಬರೆಯಬಹುದು. ಬೆಂಗಳೂರಿನ ಬಗ್ಗೆ ಬರೆದವು ನನ್ನ ಮೇಜಿನ ಮೇಲೆ ರಾಶಿ ಬಿದ್ದಿವೆ. ನಿಮ್ಮ ಪತ್ರದಲ್ಲಿ ಅಕ್ರಾಕ್ಕೇ ಸೇರಿದ್ದು ಎಂದರೆ ಆ ಹುಡುಗಿ.

ಹೀಗೆ ಹೊರೆ ಹೊರುವವರನ್ನು ಅಲ್ಲಿ ‘ಕಯಾಯೇ’ ಎನ್ನುತ್ತಾರೆ. ‘ಕಾಯಾ’ ಎಂದರೆ ಹೌಸಾ ಭಾಷೆಯಲ್ಲಿ ಹೊರೆ. ‘ಯೇ’ ಎಂದರೆ ಅಕ್ರಾದ ಮೂಲನಿವಾಸಿಗಳ ಗಾ ಭಾಷೆಯಲ್ಲಿ ಹೆಂಗಸರು. ಹೊರೆ ಉತ್ತರದ ಮಾತು, ಹೊರುವವಳು ರಾಜಧಾನಿಯ ಮಾತು. ಅವರಲ್ಲಿ ಹೆಚ್ಚಿನವರು ಅಕ್ರಾದವರಲ್ಲ. ಆರುನೂರು ಕಿಲೋಮೀಟರ್ ಆಚೆ, ಉತ್ತರದ ತಮಾಲೆ ನಗರದ ಸುತ್ತಿನ ಹಳ್ಳಿಗಳವರು. ದಕ್ಷಿಣಕ್ಕೆ ವರ್ಷದಲ್ಲಿ ಎರಡು ಮಳೆಗಾಲ, ಉತ್ತರಕ್ಕೆ ಒಂದೇ. ಸುಗ್ಗಿ ಮುಗಿದರೆ ತಿಂಗಳುಗಟ್ಟಲೆ ಕೆಲಸವಿಲ್ಲ.

ಮಳೆಯನ್ನು ಯಾರೂ ದೂರಲಾಗದು. ರೈಲನ್ನು ದೂರಬಹುದು. ಉತ್ತರದ ಸೀಮೆ 1902ರಲ್ಲಿ ಬ್ರಿಟಿಷರ ಸಂರಕ್ಷಿತ ಪ್ರದೇಶವಾಯಿತು. ಸೆಕೊಂಡಿ ಬಂದರಿನಿಂದ ಹೊರಟ ರೈಲು ಚಿನ್ನದ ಗಣಿಗಳನ್ನು ಮುಟ್ಟಿ 1903ರಲ್ಲಿ ದೇಶದ ನಡುಭಾಗದ ಕುಮಾಸಿ ನಗರಕ್ಕೆ ಬಂತು. 1923ರಲ್ಲಿ ಅಕ್ರಾದಿಂದಲೂ ಅಲ್ಲಿಗೇ ಇನ್ನೊಂದು ಹಳಿ ಬಂತು. ಅಲ್ಲಿಂದ ಮೇಲಕ್ಕೆ ಹಳಿ ಹೋಗಲೇ ಇಲ್ಲ. ಉತ್ತರದಿಂದ ಬೇಕಿದ್ದುದು ಗಣಿಗೂ ಕೋಕೋ ತೋಟಕ್ಕೂ ಆಳುಗಳು. ಅವರು ನಡೆದೇ ಬರುತ್ತಿದ್ದರು. ಶಾಲೆಗಳೂ ತಡವಾಗಿ ಬಂದವು, ಬಂದದ್ದೂ ಕೆಲವೇ. 1957ರ ಸ್ವಾತಂತ್ರ್ಯದ ನಂತರ ದೇಶದ ಮೊದಲ ನಾಯಕ ಎನ್‌ಕ್ರುಮಾ ಅವರ ಸರ್ಕಾರ ಉತ್ತರದ ಮಕ್ಕಳಿಗೆ ಉಚಿತ ಶಿಕ್ಷಣ ಕೊಟ್ಟಿತು, ಆದರೂ ಅಂತರ ಮುಚ್ಚಲಿಲ್ಲ. ಅಂದು ಗಂಡಾಳುಗಳು ಇಳಿದು ಬಂದ ದಾರಿಯಲ್ಲಿ ಇಂದು ಅವರ ಮೊಮ್ಮಕ್ಕಳ ಮಕ್ಕಳು ಬಸ್ಸಿನಲ್ಲಿ ಬರುತ್ತಿದ್ದಾರೆ.

ಇನ್ನು ನಿಮ್ಮ ‘ತೃಪ್ತಿ’. ನನ್ನ ಜಗಳ ಇದರೊಡನೆ. ಈ ಹುಡುಗಿಯರಲ್ಲಿ ಎಷ್ಟೋ ಮಂದಿ ಬರುವುದು ಶಾಲೆಯ ಖರ್ಚಿಗೆ, ಇಲ್ಲವೇ ಮದುವೆಯಾಗಿ ಹೋಗುವಾಗ ಒಯ್ಯಬೇಕಾದ ಪಾತ್ರೆ, ಬಟ್ಟೆಗಳಿಗೆ. ಪಾತ್ರೆ ಕೊಳ್ಳಲು ಪಾತ್ರೆ ಹೊರುತ್ತಾರೆ. ದುಡಿದದ್ದನ್ನು ಕಾಪಾಡಿಕೊಳ್ಳಲು ಅಕ್ರಾದ ಮಾರುಕಟ್ಟೆಗಳಲ್ಲಿ ‘ಸೂಸೂ’ ಇದೆ: ಸಂಗ್ರಹಗಾರ ದಿನವೂ ಬಂದು ಹಣ ಪಡೆದು ಗುರುತು ಹಾಕಿಕೊಳ್ಳುತ್ತಾನೆ, ತಿಂಗಳ ಕೊನೆಗೆ ಹಿಂದಿರುಗಿಸುವಾಗ ಒಂದು ದಿನದ ಮೊತ್ತವನ್ನು ತನಗಿಟ್ಟುಕೊಳ್ಳುತ್ತಾನೆ. ನಮ್ಮವರಿಗೆ ಪಿಗ್ಮಿ ನೆನಪಾಗುತ್ತದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಆರಂಭಿಸಿದ ಯೋಜನೆ. ಪಿಗ್ಮಿ ಕಟ್ಟಿದವರಿಗೆ ಬಡ್ಡಿ ಬರುತ್ತಿತ್ತು, ಸೂಸೂ ಕಟ್ಟುವವರು ತಾವೇ ಕೈಯಿಂದ ಕೊಡುತ್ತಾರೆ. ತನ್ನ ದುಡ್ಡನ್ನು ಉಳಿಸಿಕೊಳ್ಳಲು ತಿಂಗಳಿಗೊಂದು ದಿನದ ಪಾಲು ಬಿಟ್ಟುಕೊಡುವವರನ್ನು ಇದ್ದುದರಲ್ಲೇ ತೃಪ್ತರು ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ನಗು ಬೇರೆ ಮಾತು. ಗಿರಾಕಿಯ ಮುಂದೆ ನಾವೂ ನಗುತ್ತೇವೆ.

ನಿಮ್ಮ ಗೋಡೆಯ ಈಚೆಗೂ ಒಂದಿಷ್ಟು ಲೆಕ್ಕವಿದೆ, ಬೇಸರಿಸಬೇಡಿ. ಘಾನಾದ 1963ರ ಬಾಡಿಗೆ ಕಾನೂನಿನ ಪ್ರಕಾರ ಆರು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಮನೆ ಮಾಲೀಕರು ಒಂದೆರಡು ವರ್ಷದ್ದನ್ನೇ ಕೇಳುತ್ತಾರೆ, ಕೊಡುವ ಕಂಪನಿಗಳು ಇರುವಾಗ ಏಕೆ ಕೇಳಬಾರದು? 2022ರ ಡಿಸೆಂಬರ್‌ನಲ್ಲಿ ಅಲ್ಲಿಯ ಹಣದುಬ್ಬರ ಶೇಕಡಾ 54 ದಾಟಿತ್ತು. ಡಾಲರ್ ಇದ್ದವರಿಗೆ ಅದು ಸುದ್ದಿ, ಅಲ್ಲಿಯ ನಾಣ್ಯವಾದ ಸೆಡಿಯಲ್ಲಿ ದಿನಗೂಲಿ ಪಡೆಯುವವರಿಗೆ ರಾತ್ರಿಯ ಊಟ. ಎರಡು ವರ್ಷದ ಮುಂಗಡ ಹೊಂದಿಸಲಾಗದ ಹುಡುಗಿಯರು ಅಕ್ರಾದ ಕೊಳೆಗೇರಿ ಓಲ್ಡ್ ಫಡಾಮಾದ ಹಲಗೆ ಗುಡಿಸಲಿನಲ್ಲಿ ಗುಂಪಾಗಿ ಮಲಗುತ್ತಾರೆ, ಬಾಡಿಗೆ ವಾರದ ಲೆಕ್ಕ. ಅಷ್ಟೂ ಇಲ್ಲದವರಿಗೆ ಅಂಗಡಿಯ ಜಗಲಿ.

ನೀವು ಕಳುಹಿಸಿದ ಹುಡುಗಿಯ ಚಿತ್ರವನ್ನು ಪ್ರಕಟಿಸಿಲ್ಲ. ಅವಳನ್ನು ಕೇಳಿ ತೆಗೆದಿರೆಂದು ನೀವು ಎಲ್ಲಿಯೂ ಬರೆದಿಲ್ಲ. ಬೆಳಗಿನ ತಿಂಡಿಗೆ ಎಲೆಯಲ್ಲಿ ಕಟ್ಟಿಕೊಡುವ ವಾಚೆಯನ್ನು ಹೊಗಳಿದ್ದೀರಿ. ಅನ್ನ, ಅಲಸಂದೆಯ ಆ ತಿನಿಸೂ ಉತ್ತರದಿಂದ ಬಂದದ್ದೇ. ಮುಂದಿನ ಪತ್ರದಲ್ಲಿ ನಿಮ್ಮ ಗೇಟಿನ ಕಾವಲುಗಾರ ಯಾವ ಊರಿನವನೆಂದು ವಿಚಾರಿಸಿ ಬರೆಯಿರಿ.