ಪೆನ್ ಡ್ರೈವ್ ಹಾಕಿದರೆ ರ‍್ಯಾಮ್ ಜಾಸ್ತಿ ಆಗುವುದಿಲ್ಲ

ನಮಸ್ಕಾರ. ಸೋಮವಾರಪೇಟೆಯಿಂದ ನೀವು ಕೇಳಿದ್ದೀರಿ: 4 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ), ಹಾರ್ಡ್ ಡಿಸ್ಕ್, ವಿಂಡೋಸ್ 10. ತೋಟದ ಲೆಕ್ಕದ ಎಕ್ಸೆಲ್ ಜೊತೆ ಕ್ರೋಮ್ ತೆರೆದರೆ ಲ್ಯಾಪ್‌ಟಾಪ್ ನಿಂತೇ ಹೋಗುತ್ತದೆ, 32 ಜಿಬಿ ಪೆನ್ ಡ್ರೈವ್ ಕೊಂಡು ರೆಡಿಬೂಸ್ಟ್ (ಪೆನ್ ಡ್ರೈವ್ ಬಳಸಿ ವೇಗ ಹೆಚ್ಚಿಸಲು ವಿಂಡೋಸಿನಲ್ಲಿರುವ ಸೌಲಭ್ಯ) ಮಾಡಲೇ ಅಂತ.

ಬೇಡ, ಸುಮ್ನೆ ದುಡ್ಡು ದಂಡ. ರೆಡಿಬೂಸ್ಟ್ 2007ರಲ್ಲಿ ವಿಂಡೋಸ್ ವಿಸ್ಟಾ ಜೊತೆ ಬಂದದ್ದು, ಆಗ 512 ಎಂಬಿ ರ‍್ಯಾಮ್ ಇರುತ್ತಿದ್ದ ಕಾಲ. ಅದು ಪೆನ್ ಡ್ರೈವನ್ನು ರ‍್ಯಾಮ್ ಮಾಡುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿರುವುದರ ಒಂದಿಷ್ಟು ನಕಲು ಇಟ್ಟುಕೊಳ್ಳುತ್ತದೆ, ಅಷ್ಟೆ.

ನನ್ನ ಮಾತು ಕೇಳಿ, ಮೊದಲು ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕನ್ನೇ ಬಳಸುತ್ತದೆ, ಹಾರ್ಡ್ ಡಿಸ್ಕ್ ತಿರುಗಿ ತಿರುಗಿ ಸುಸ್ತಾಗುವುದು ಅಲ್ಲೇ. ಮಡಿಕೇರಿಯಲ್ಲಿ ನನ್ನ ಹಳೆಯ ಲ್ಯಾಪ್‌ಟಾಪಿಗೆ 256 ಜಿಬಿಯದು ಹಾಕಿಸಿದೆ. ಮೊದಲು ಆನ್ ಮಾಡಿ ಕಾಫಿ ಕುಡಿದು ಬರಬೇಕಿತ್ತು, ಈಗ ಕೂತ ಕೂಡಲೇ ಕೆಲಸ!

ಆಮೇಲೆ ರ‍್ಯಾಮ್. ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ನೋಡಿ. ಎಷ್ಟು ಸ್ಲಾಟ್ (ರ‍್ಯಾಮ್ ಕೂರಿಸುವ ಜಾಗ) ಬಳಕೆಯಲ್ಲಿದೆ ಅಂತ ಅಲ್ಲೇ ಇರುತ್ತದೆ. ಖಾಲಿ ಇದ್ದರೆ ಇನ್ನೊಂದು 4 ಜಿಬಿ ಸಾಕು. ಡಿಡಿಆರ್3 ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ (ಇವು ರ‍್ಯಾಮ್‌ನ ಬೇರೆ ಬೇರೆ ಬಗೆಗಳು), ನಿಮ್ಮದು ಯಾವುದು ಅಂತ ಕೇಳಿಕೊಂಡೇ ತನ್ನಿ.

ಪೆನ್ ಡ್ರೈವ್ ಈಗಾಗಲೇ ತಂದಿದ್ದರೆ ಬೇಜಾರಾಗಬೇಡಿ. ಡಿಸ್ಕ್ ಬಿಚ್ಚುವ ಮೊದಲು ತೋಟದ ಲೆಕ್ಕವನ್ನೆಲ್ಲ ಅದಕ್ಕೆ ಕಾಪಿ ಮಾಡಿಟ್ಟುಕೊಳ್ಳಿ.