ಕೇಳಿ, ಹೇಳುತ್ತೇನೆ: ಹುಳ ಬಿದ್ದ ಬಕೆಟ್ಟು, ಸಿಡಿದ ಬಾಟಲಿ, ದುಬಾರಿ ಟೊಮ್ಯಾಟೊ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗೊಬ್ಬರದ ಡಬ್ಬಿಯ ನಾತದ್ದೇ. ಮಳೆಗಾಲ ಅಲ್ವಾ. ಅದರಿಂದಲೇ ಶುರು ಮಾಡೋಣ.

ಪ್ರಶ್ನೆ: ಹಳೆ ಬಕೆಟ್ಟಿಗೆ ಅಡುಗೆಮನೆ ಕಸ ಹಾಕಲು ಶುರು ಮಾಡಿ ಒಂದೂವರೆ ತಿಂಗಳಾಯಿತು. ಈಗ ಮುಚ್ಚಳ ತೆಗೆದರೆ ತಡೆಯಲಾರದ ನಾತ. ಜೊತೆಗೆ ಬೆಳ್ಳಗಿನ ದಪ್ಪ ಹುಳಗಳು. ಅತ್ತೆ ಬಕೆಟ್ಟನ್ನೇ ಎಸೆದುಬಿಡು ಅನ್ನುತ್ತಿದ್ದಾರೆ. ಏನು ಮಾಡಲಿ?
(ಗೃಹಿಣಿ, ತುಮಕೂರು)

ಉತ್ತರ: ಎಸೆಯಬೇಡಿ. ನಾತ ಬೇರೆ ಸಮಸ್ಯೆ, ಹುಳ ಸಮಸ್ಯೆಯೇ ಅಲ್ಲ.

ತರಕಾರಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಬರೀ ಸಿಪ್ಪೆ ಸುರಿಯುತ್ತಾ ಹೋದರೆ ಆ ನೀರೆಲ್ಲ ತಳಕ್ಕೆ ಇಳಿದು, ಗಾಳಿ ಆಡದೆ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಸಂಸಾರ ಹೂಡುತ್ತವೆ. ಕೊಳೆತ ಮೊಟ್ಟೆಯಂಥ ವಾಸನೆ ಅವುಗಳದ್ದು. ಒಂದು ಹಿಡಿ ಕೈಗೆ ತೆಗೆದುಕೊಂಡು ಹಿಂಡಿ ನೋಡಿ. ಒಂದೆರಡು ಹನಿ ಬಿದ್ದರೆ ಸರಿ. ಬೆರಳ ಸಂದಿಯಿಂದ ನೀರು ಸುರಿದರೆ ಒಣಗಿದ್ದು ಏನೂ ಹಾಕಿಲ್ಲ ಅಂತ ಅರ್ಥ.

ಎಲ್ಲವನ್ನೂ ಹಳೆ ಗೋಣಿಚೀಲದ ಮೇಲೆ ಸುರಿದು ಒಂದು ಮಧ್ಯಾಹ್ನ ಹಾಗೇ ಬಿಡಿ. ಅಷ್ಟರಲ್ಲಿ ಬಕೆಟ್ಟಿನ ತಳಕ್ಕೂ ಪಕ್ಕಕ್ಕೂ ಕಾದ ಮೊಳೆಯಿಂದ ಇಪ್ಪತ್ತು ಮೂವತ್ತು ತೂತು ಮಾಡಿ. ಬಕೆಟ್ಟನ್ನು ಎರಡು ಇಟ್ಟಿಗೆ ಮೇಲೆ ಇಡಿ, ಕೆಳಗೊಂದು ತಟ್ಟೆ ಇಡಿ. ಇನ್ನು ಮುಂದೆ ಒಂದು ಮಗ್ ಸಿಪ್ಪೆಗೆ ಎರಡು ಮಗ್ ಒಣ ಎಲೆ. ಎಲೆಗೆ ದುಡ್ಡು ಕೊಡಬೇಕಿಲ್ಲ. ಬೆಳಿಗ್ಗೆ ಬೀದಿ ಗುಡಿಸುವವರು ರಾಶಿ ಹಾಕಿರುತ್ತಾರೆ, ಎಷ್ಟೋ ಕಡೆ ಅದಕ್ಕೆ ಬೆಂಕಿ ಇಡುತ್ತಾರೆ. ಒಂದು ಚೀಲ ಹಿಡಿದುಕೊಂಡು ಹೋಗಿ ಕೇಳಿ, ಅವರಿಗೂ ಹೊರೆ ಕಡಿಮೆ. ಎಲೆ ಸಿಗದ ದಿನ ಹರಿದ ಪೇಪರ್ ಆದೀತು. ಅನ್ನ, ಮೊಸರು, ಎಣ್ಣೆ ತಿಂಡಿಗಳನ್ನು ಸದ್ಯಕ್ಕೆ ಹಾಕಬೇಡಿ.

ಇನ್ನು ಹುಳ. ದಪ್ಪಗೆ, ಚಪ್ಪಟೆಯಾಗಿ, ಮೈಮೇಲೆ ಉಂಗುರ ಉಂಗುರ ಇದ್ದರೆ ಅವು ಕಪ್ಪು ಸೈನಿಕ ನೊಣದ ಮರಿಗಳು. ದೊಡ್ಡ ನೊಣ ಕಪ್ಪಗೆ, ಕಣಜದ ಹಾಗೆ ಕಾಣುತ್ತದೆ. ಕಚ್ಚುವುದಿಲ್ಲ, ಮನೆನೊಣದ ಹಾಗೆ ನಮ್ಮ ಊಟದ ಮೇಲೆ ಕೂರುವ ಚಾಳಿಯೂ ಇಲ್ಲ. ಮರಿಗಳು ಮಾತ್ರ ಬಕಾಸುರನ ವಂಶ. ಒಮ್ಮೆ ರಾತ್ರಿ ಹಾಕಿದ ಪಪ್ಪಾಯಿ ಸಿಪ್ಪೆ ಮರುದಿನ ಸಂಜೆಗೆ ನೋಡಿದರೆ ಕಾಗದದಷ್ಟು ತೆಳ್ಳಗಾಗಿತ್ತು. ಕಿವಿ ಹತ್ತಿರ ಇಟ್ಟರೆ ತಗಡಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ ಚಟಪಟ ಸದ್ದು ಕೇಳುತ್ತದೆ, ಕೇಳಿ ನೋಡಿ. ಬಲಿತ ಮೇಲೆ ಕಂದು ಬಣ್ಣಕ್ಕೆ ತಿರುಗಿ ತಾವೇ ಹತ್ತಿಕೊಂಡು ಹೊರಗೆ ಹೋಗುತ್ತವೆ. ಆ ದಿನ ಮಾತ್ರ ಅತ್ತೆಯವರನ್ನು ಬಾಲ್ಕನಿಗೆ ಕರೆಯಬೇಡಿ.

ಎರಡು ಮೂರು ತಿಂಗಳಲ್ಲಿ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ಘಮ ಬರಬೇಕು. ಬಾರದಿದ್ದರೆ ಇನ್ನೊಂದು ತಿಂಗಳು ಕಾಯಿರಿ.

ಪ್ರಶ್ನೆ: ಹಸಿರು ಬಣ್ಣದ "ಮಣ್ಣಲ್ಲಿ ಕರಗುವ" ಕ್ಯಾರಿಬ್ಯಾಗನ್ನೂ ಗೊಬ್ಬರದ ಡಬ್ಬಿಗೆ ಹಾಕಬಹುದಾ?
(ವಿದ್ಯಾರ್ಥಿ, ಧಾರವಾಡ)

ಉತ್ತರ: ಬೇಡ. ಅಂಥ ಬಹುಪಾಲು ಚೀಲಗಳು ಕರಗಲು ದೊಡ್ಡ ಗೊಬ್ಬರ ಘಟಕದ ಬಿಸಿ ಬೇಕು, ಸುಮಾರು 55-60 ಡಿಗ್ರಿ. ನಿಮ್ಮ ಬಕೆಟ್ಟಿನಲ್ಲಿ ಅದು ಸುಮ್ನೆ ಮುದ್ದೆಯಾಗಿ ಕೂತಿರುತ್ತದೆ. ಬಟ್ಟೆ ಚೀಲ ಒಯ್ಯಿರಿ.

ಪ್ರಶ್ನೆ: ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಬೆಳಿಗ್ಗೆ ಮೂರು ಗಂಟೆ ಮಾತ್ರ ಬಿಸಿಲು. ಟೊಮ್ಯಾಟೊ ಉದ್ದುದ್ದ ಬೆಳೆದು ಬಾಗಿತು, ಒಂದು ಕಾಯಿಯೂ ಇಲ್ಲ. ಕೈತೋಟದ ಆಸೆ ಬಿಡಬೇಕಾ?
(ಬ್ಯಾಂಕ್ ಉದ್ಯೋಗಿ, ಬೆಂಗಳೂರು)

ಉತ್ತರ: ಟೊಮ್ಯಾಟೊ ಆಸೆ ಬಿಡಿ, ಸಾಕು. ಟೊಮ್ಯಾಟೊ, ಮೆಣಸಿನಕಾಯಿ, ಬದನೆ, ಬೆಂಡೆ, ಇವಕ್ಕೆಲ್ಲ ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ನಿಮ್ಮ ಬಾಲ್ಕನಿ ಸೊಪ್ಪಿನ ಜಾಗ. ಡಬ್ಬಿಯಲ್ಲಿರುವ ಮೆಂತ್ಯವನ್ನೇ ಒಂದು ರಾತ್ರಿ ನೆನೆಸಿ ಬಿತ್ತಿ, ಮೂರ್ನಾಲ್ಕು ದಿನಕ್ಕೆ ಮೊಳಕೆ. ಸಾಂಬಾರ್ ಪುಡಿಗೆ ತಂದ ಧನಿಯಾವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಇದಕ್ಕೆ ತಾಳ್ಮೆ ಬೇಕು, ಹತ್ತು ಹನ್ನೆರಡು ದಿನ. ಮಾರ್ಕೆಟ್ಟಿನಿಂದ ತಂದ ಪುದೀನದ ಕಡ್ಡಿ, ಬಸಳೆಯ ದಂಟು ಎರಡೂ ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತವೆ. ಒಂದೆಲಗಕ್ಕೆ ತೇವ ಇದ್ದರೆ ಸಾಕು, ಅದು ತಾನೇ ಹಬ್ಬುತ್ತದೆ. ದೊಡ್ಡಪತ್ರೆಗೆ ಮಾತ್ರ ನೀರು ಜಾಸ್ತಿ ಹಾಕಬೇಡಿ. ಹತ್ತು ಎಲೆ ಸಿಕ್ಕರೆ ಇಬ್ಬರಿಗೆ ತಂಬುಳಿ ಆಯಿತು, ಬೇಸಿಗೆ ಮಧ್ಯಾಹ್ನಕ್ಕೆ ಇನ್ನೇನು ಬೇಕು?

ಪ್ರಶ್ನೆ: ದಾಸವಾಳದ ಮೊಗ್ಗಿಗೆಲ್ಲ ಹತ್ತಿ ಅಂಟಿಸಿದಂತೆ ಬೆಳ್ಳಗೆ ಆಗಿದೆ. ಔಷಧಿ ಹೇಳಿ.
(ನಿವೃತ್ತ ಶಿಕ್ಷಕಿ, ಶಿವಮೊಗ್ಗ)

ಉತ್ತರ: ಹಿಟ್ಟು ತಿಗಣೆ. ಜಾಸ್ತಿ ಹತ್ತಿರುವ ಕೊಂಬೆ ಕತ್ತರಿಸಿ, ಉಳಿದದ್ದಕ್ಕೆ ಜೋರಾಗಿ ನೀರು ಹೊಡೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ವಾರ. ಗಿಡದಲ್ಲಿ ಇರುವೆ ಸಾಲು ಇದೆಯಾ ನೋಡಿ, ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳೇ ಅದನ್ನು ಸಾಕುತ್ತವೆ.

ಪ್ರಶ್ನೆ: ಕಿತ್ತಳೆ ಸಿಪ್ಪೆ ಕೊಳೆಸಿ ಮಾಡುವ ಬಯೋಎನ್‌ಜೈಮ್ ಎಂಬ ಮನೆ ತೊಳೆಯುವ ದ್ರವದ ಬಗ್ಗೆ ಎಲ್ಲರೂ ಹೇಳುತ್ತಾರೆ. ನೀವು ಮಾಡಿದ್ದೀರಾ?
(ಓದುಗರು, ಮಂಗಳೂರು)

ಉತ್ತರ: ಮಾಡಿದ್ದೇನೆ, ಅಡುಗೆಮನೆಯ ಗೋಡೆ ಸಾಕ್ಷಿ. ಅಳತೆ ಸುಲಭ: ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಮೊದಲ ತಿಂಗಳು ದಿನಾ ಒಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ನಾನು ಎರಡು ಲೀಟರ್ ಬಾಟಲಿಗೆ ಕಂಠದವರೆಗೂ ತುಂಬಿಸಿ ಮದುವೆ ಅಂತ ನಾಲ್ಕು ದಿನ ಊರಿಗೆ ಹೋದೆ. ಬಂದು ಬಾಗಿಲು ತೆಗೆದರೆ ಮುಚ್ಚಳ ಅಟ್ಟದ ಮೇಲೆ, ಸಿಪ್ಪೆ ಗೋಡೆ ಮೇಲೆ, ಬೆಲ್ಲದ ನೀರಿನ ಜಾಡು ಹಿಡಿದು ಬೀದಿಯ ಇರುವೆಯೆಲ್ಲ ನಮ್ಮ ಮನೆಯಲ್ಲಿ. ಮೂರನೇ ಒಂದು ಭಾಗ ಖಾಲಿ ಬಿಡಿ, ಗಾಜಿನ ಬಾಟಲಿ ಖಂಡಿತ ಬೇಡ.

ಇನ್ನೊಂದು ಮಾತು. ಅದು ಹುಳಿ ದ್ರವ. ಅಮೃತಶಿಲೆ, ಕಡಪ ಕಲ್ಲಿನ ಮೇಲೆ ಹಾಕಿದರೆ ಹೊಳಪು ಹೋಗುತ್ತದೆ. ಪಾತ್ರೆ ಬಟ್ಟೆಗೆ ನನಗಂತೂ ಅಂಟುವಾಳವೇ ವಾಸಿ. ಹತ್ತು ಕಾಯಿ ನೆನೆಸಿ ಕುದಿಸಿದರೆ ಮುಗಿಯಿತು, ಮೂರು ತಿಂಗಳ ತಪಸ್ಸಿಲ್ಲ.

ಪ್ರಶ್ನೆ: ಆರ್‌ಒ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕಬಹುದಾ?
(ಗೃಹಿಣಿ, ಬಳ್ಳಾರಿ)

ಉತ್ತರ: ದಿನಾ ಬೇಡ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲಿದೆ, ಕುಂಡದ ಮಣ್ಣಲ್ಲಿ ಅದು ಸೇರುತ್ತಾ ಹೋಗುತ್ತದೆ. ನೆಲ ಒರೆಸಿ, ಶೌಚಾಲಯಕ್ಕೆ ಹಾಕಿ. ಗಿಡಕ್ಕೆ ಅಕ್ಕಿ, ಸೊಪ್ಪು ತೊಳೆದ ನೀರು ಇದೆಯಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೋಟಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಬಂದಿತ್ತು. ಆಗ ನನ್ನ ತಂಗಿಯ ಗಿಡಗಳು ಬದುಕಿದ್ದು ಆ ಅಕ್ಕಿ ನೀರಿನಲ್ಲೇ.

ಪ್ರಶ್ನೆ: ತಾರಸಿ ತೋಟಕ್ಕೆ ನಾನು ಖರ್ಚು ಮಾಡಿದ್ದನ್ನು ಯಜಮಾನರು ಲೆಕ್ಕ ಹಾಕಿದರು. ನಮ್ಮ ಟೊಮ್ಯಾಟೊ ಕೆ.ಜಿ.ಗೆ 300 ರೂಪಾಯಿ ಬಿತ್ತಂತೆ. ದಿನಾ ನಗುತ್ತಾರೆ. ಏನು ಉತ್ತರ ಕೊಡಲಿ?
(ಓದುಗರು, ಮೈಸೂರು)

ಉತ್ತರ: ಲೆಕ್ಕ ಸರಿ ಇದೆ, ನಗಲಿ ಬಿಡಿ. ಚೀಲ, ಮಣ್ಣು, ಕೋಕೋಪೀಟ್ ಅನ್ನುವ ತೆಂಗಿನ ನಾರಿನ ಪುಡಿ, ಗೊಬ್ಬರ, ಪುಟ್ಟ ಸನಿಕೆ, ಕೈಗವಸು, ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಮನೆ ಬಾಗಿಲಿಗೆ ತರಿಸಿಕೊಂಡು ಭೂಮಿಗೆ ಉಪಕಾರ ಮಾಡುತ್ತಿದ್ದೇವೆ ಅಂದುಕೊಳ್ಳುವುದು ನನಗೂ ತಮಾಷೆಯಾಗಿಯೇ ಕಾಣುತ್ತದೆ. ನಮ್ಮ ಅಜ್ಜಿ ಬಚ್ಚಲ ನೀರು ಹರಿಯುವ ಕಡೆ ಕೆಸು, ಬಾಳೆ, ಬಸಳೆ ನೆಟ್ಟಿದ್ದಳು. ಒಂದು ಪೈಸೆ ಖರ್ಚಿರಲಿಲ್ಲ.

ಮುಂದಿನ ಸಲ ಏನನ್ನೂ ಕೊಳ್ಳದೆ ಒಂದು ಬೆಳೆ ತೆಗೆಯಿರಿ. ಅಕ್ಕಿ ಬಂದ ಚೀಲ, ಒಡೆದ ಬಕೆಟ್ಟು, ಮನೆಯದೇ ಗೊಬ್ಬರ, ಪಕ್ಕದ ಮನೆಯವರು ಕೊಟ್ಟ ಹರಿವೆ ಬೀಜ. ಹರಿವೆ ಇಪ್ಪತ್ತೈದು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಬುಡ ಕೀಳದೆ ಮೇಲೆ ಚಿವುಟಿದರೆ ಮತ್ತೆ ಚಿಗುರುತ್ತದೆ. ಎರಡು ಗಿಡವನ್ನು ಬೀಜಕ್ಕೆ ಬಿಡಿ.

ಅಂದ ಹಾಗೆ, ತಾರಸಿ ಮೇಲೆ ಎಲ್ಲ ಚೀಲವನ್ನೂ ನಡುವೆ ಗುಂಪಾಗಿ ಇಟ್ಟಿಲ್ಲ ತಾನೆ? ಒಂದು ಘನ ಅಡಿ ಒದ್ದೆ ಮಣ್ಣು 45 ಕೆ.ಜಿ. ದಾಟುತ್ತದೆ. ತೊಲೆ ಇರುವ ಅಂಚಿಗೆ ಸರಿಸಿ. ಆ ಕೆಲಸಕ್ಕೆ ಲೆಕ್ಕ ಹಾಕಿದವರನ್ನೇ ಕರೆಯಿರಿ.