13 ಗೋಲಿನ ಫಾಂಟೇನ್ ಕೋಚ್ ಆಗಿ ಏನ್ ಮಾಡಿದ್ರು?

ಪ್ರಶ್ನೆ: ಸರ್, 2022ರ ಫುಟ್‌ಬಾಲ್ ವರ್ಲ್ಡ್ ಕಪ್‌ನಲ್ಲಿ ಎಂಬಾಪೆ 8 ಗೋಲು ಹೊಡೆದ್ರು. ಆದ್ರೆ ಹಿಂದೆ ಫ್ರಾನ್ಸ್‌ನವರೇ ಆದ ಜೂಸ್ಟ್ ಫಾಂಟೇನ್ ಒಂದೇ ಕಪ್‌ನಲ್ಲಿ 13 ಹೊಡೆದಿದ್ರಂತೆ, ನಿಜಾನಾ? ಆಮೇಲೆ ಕೋಚ್ ಕೂಡ ಆಗಿದ್ರಂತಲ್ಲ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ನೂರಕ್ಕೆ ನೂರು ನಿಜ. 1958, ಸ್ವೀಡನ್, ಬರೀ 6 ಮ್ಯಾಚು. ಅದೂ ಬೇರೆಯವರ ಬೂಟು ಹಾಕ್ಕೊಂಡು! ಪ್ರಾಕ್ಟೀಸ್‌ನಲ್ಲಿ ಇವರ ಬೂಟು ಕಿತ್ತೋಗಿತ್ತು, ಕಂಪನಿಯವರು ಡಜನ್‌ಗಟ್ಟಲೆ ಕಳಿಸೋ ಕಾಲ ಅಲ್ಲ ಅದು, ಟೀಮಲ್ಲೇ ಇದ್ದ ಸ್ಟೆಫಾನ್ ಬ್ರುಯೆ ಅನ್ನೋರ ಕಾಲಿನ ಅಳತೆ ಸರಿಹೋಯ್ತು ಅಂತ ಅವರದ್ದನ್ನೇ ಇಸ್ಕೊಂಡು ಇಳಿದ್ರು. ಪರಾಗ್ವೆ ಮೇಲೆ 3 ಗೋಲಿಂದ ಶುರು, ಮೂರನೇ ಸ್ಥಾನದ ಮ್ಯಾಚಲ್ಲಿ ಪಶ್ಚಿಮ ಜರ್ಮನಿ ಮೇಲೆ 4. ಆ ಮ್ಯಾಚಲ್ಲಿ ಸಿಕ್ಕಿದ ಪೆನಾಲ್ಟಿನೂ ಇವರು ಹೊಡೀಲಿಲ್ಲ, ಟೀಮಿನ ಇನ್ನೊಬ್ಬ ಆಟಗಾರ ಕೊಪಾ ಹೊಡೆದ್ರು.

1960ರಲ್ಲಿ ಕಾಲು ಮುರೀತು, ವಾಸಿಯಾಗಿ ಬಂದ್ರೆ 1961ರಲ್ಲಿ ಮತ್ತೆ ಮುರೀತು, 1962ಕ್ಕೆ ಆಟಾನೇ ಮುಗೀತು, ಇನ್ನೂ 28 ವಯಸ್ಸು. ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಫ್ರಾನ್ಸ್ ಪರ 21 ಮ್ಯಾಚಿಗೆ 30 ಗೋಲು ಹೊಡೆದಿದ್ದ ಮನುಷ್ಯ!

ಗೋಲಿಗಿಂತ ನಂಗೆ ದೊಡ್ಡದು ಅನ್ಸೋದು 1961ರಲ್ಲಿ ಯುಜೀನ್ ಎನ್‌ಜೊ ಲೆಯಾ ಅನ್ನೋ ಆಟಗಾರ ಮತ್ತಿತರರ ಜೊತೆ ಸೇರಿ ಕಟ್ಟಿದ ಆಟಗಾರರ ಯೂನಿಯನ್. ಆಗ ಒಂದ್ಸಲ ಸಹಿ ಹಾಕಿದ್ರೆ ಆಟಗಾರನಿಗೆ 35 ವಯಸ್ಸಾಗೋವರೆಗೂ ಕ್ಲಬ್ಬಿನ ಕೈಯಲ್ಲೇ ಜುಟ್ಟು, ಬಿಟ್ಟು ಹೋಗೋ ಹಂಗಿಲ್ಲ. ಯೂನಿಯನ್ ಹೋರಾಡಿ ಹೋರಾಡಿ 1969ಕ್ಕೆ ಇಂತಿಷ್ಟು ವರ್ಷ ಅನ್ನೋ ಕಾಂಟ್ರ್ಯಾಕ್ಟ್ ತಂತು.

ಇನ್ನು ಕೋಚಿಂಗ್. 1967ರಲ್ಲಿ ಫ್ರಾನ್ಸ್ ಟೀಮನ್ನೇ ಕೊಟ್ರು, ರೊಮೇನಿಯಾ ಮೇಲೆ ಸೋತ್ರು, ಸೋವಿಯತ್ ಮೇಲೆ ಸೋತ್ರು, ಎರಡೇ ಎರಡು ಫ್ರೆಂಡ್ಲಿ ಮ್ಯಾಚಿಗೆ ಕೆಲಸ ಹೋಯ್ತು. ಎರಡು ಮ್ಯಾಚಲ್ಲಿ ಯಾರ ಕೈಲಿ ಏನಾಗುತ್ತೆ ಹೇಳಿ, ಇದು ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ. ಯಾಕಂದ್ರೆ ಆಮೇಲೆ 1973ರಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬಿಗೆ ಕೋಚಾಗಿ ಹೋದ್ರು, ಈಗ ನಾವು ನೋಡೋ ಸಾಹುಕಾರ ಪಿಎಸ್‌ಜಿ ಅಲ್ಲ, ಎರಡನೇ ಡಿವಿಜನ್‌ನಲ್ಲಿ ಆಡ್ತಿದ್ದ ಕ್ಲಬ್ಬು. 1974ರ ಪ್ಲೇಆಫ್‌ನಲ್ಲಿ ವಾಲೆನ್ಸಿಯೆನ್ ಕ್ಲಬ್ ಮೇಲೆ ಅವರೂರಲ್ಲಿ 2-1 ಸೋತು, ಪ್ಯಾರಿಸ್‌ಗೆ ವಾಪಸ್ ಬಂದು 4-2 ಗೆದ್ದು, ಒಟ್ಟು ಲೆಕ್ಕದಲ್ಲಿ ಒಂದೇ ಗೋಲಿನ ಅಂತರದಲ್ಲಿ ಮೇಲಿನ ಡಿವಿಜನ್‌ಗೆ ಹತ್ತಿದ್ರು.

ಕೊನೆಗೆ ಮೊರಾಕ್ಕೊ. ಫಾಂಟೇನ್ ಹುಟ್ಟಿದ್ದೇ ಮಾರಕೇಶ್‌ನಲ್ಲಿ, 1933ರಲ್ಲಿ. ಆ ಹುಟ್ಟೂರಿನ ದೇಶಕ್ಕೇ ಕೋಚಾಗಿ 1980ರ ಆಫ್ರಿಕಾ ಕಪ್‌ನಲ್ಲಿ ಮೂರನೇ ಸ್ಥಾನ ತಂದುಕೊಟ್ರು.

ಅಂದ ಹಾಗೆ, ಎಂಬಾಪೆ ಆ 8 ಹೊಡೆದಾಗ ಫಾಂಟೇನ್ ಇನ್ನೂ ಇದ್ರು. 2023ರ ಮಾರ್ಚ್ 1ಕ್ಕೆ ಟೂಲೂಸ್‌ನಲ್ಲಿ ತೀರ್ಕೊಂಡ್ರು, 89 ವರ್ಷ.